ಎಂಟು ಗಣ, ಒಂದು ನಿಯಮ

(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತವರು ಕದಂಬರಿಂದ ಹೊರಟು, ವಿಜಯನಗರದ ಮಾರ್ಗವಾಗಿ, ಏಕೀಕರಣಕ್ಕೆ ಬಂದು ನಿಲ್ಲುವುದು ವಾಡಿಕೆ. ಆ ದಾರಿಯಲ್ಲಿ ನಮಗಿಂತ ಸಮರ್ಥರಾದವರು ಈ ಸಂಜೆ ಆಗಲೇ ನಡೆದು ಬಂದಿದ್ದಾರೆ. ನಮ್ಮ ಪಾಲಿಗೆ ಉಳಿದದ್ದು ಗಣಿತ. ಗಣಿತವೆಂದೊಡನೆ ಹಿಂದಿನ ಸಾಲಿನ ಕೆಲವರು ಬಾಗಿಲ ಕಡೆ ಕಣ್ಣು ಹಾಯಿಸಿದ್ದು ನಮಗೆ ಕಾಣಿಸಿತು. ಅಂಜಬೇಕಾದ್ದಿಲ್ಲ. ಕೂಡುವುದೂ ಕಳೆಯುವುದೂ ಬಂದರೆ ಸಾಕು. ಶಾಲೆಯಲ್ಲಿ ಕಲಿತ ಛಂದಸ್ಸು ಕೊಂಚ ನೆನಪಿದ್ದರೆ ಇನ್ನೂ ಒಳ್ಳೆಯದು.

ನಾವು ಇಂದು ಕೇಳಹೊರಟಿರುವ ಪ್ರಶ್ನೆ ಇಷ್ಟೆ. ಕಣ್ಣಿಗೆ ಇಷ್ಟೊಂದು ತೊಡಕಾಗಿ ತೋರುವ ಈ ಲೋಕವು ತಳದಲ್ಲಿ, ಮಗುವಿಗೂ ಹೇಳಿಕೊಡಬಹುದಾದ ಒಂದೆರಡು ಲೆಕ್ಕದ ನಿಯಮಗಳ ಆಟವಾಗಿರಬಹುದೆ? ನದಿಯ ಸುಳಿ, ಗುಡ್ಡದ ಕುಸಿತ, ಒಂದು ಊರಿನಲ್ಲಿ ಒಂದು ಭಾಷೆ ಉಳಿಯುವುದು ಅಥವಾ ಅಳಿಯುವುದು—ಇವುಗಳ ಹಿಂದೆ ದೊಡ್ಡ ಯೋಜನೆಯೇ ಇರಬೇಕೆ? ಸಣ್ಣ ನಿಯಮವೊಂದು ಬೇಸರವಿಲ್ಲದೆ ಮತ್ತೆ ಮತ್ತೆ ನಡೆದರೆ ಸಾಲದೆ?

ಮೊದಲು ಒಂದು ಸುಲಭವಾದ ಆಟ. ಮಕ್ಕಳಲ್ಲಿ ಯಾರ ಬಳಿಯಲ್ಲಾದರೂ ಪೆನ್ಸಿಲು ಇದ್ದರೆ ತೆಗೆಯಿರಿ. ನಮ್ಮ ರಾಜ್ಯ ಒಂದುಗೂಡಿದ ವರ್ಷ ೧೯೫೬. ಆ ನಾಲ್ಕು ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಬರೆದರೆ ೯೬೫೧. ಚಿಕ್ಕದರಿಂದ ದೊಡ್ಡದಕ್ಕೆ ಬರೆದರೆ ೧೫೬೯. ಕಳೆಯಿರಿ, ೮೦೮೨ ಬಂತು. ಅದಕ್ಕೂ ಹಾಗೆಯೇ ಮಾಡಿ: ೮೮೨೦ರಲ್ಲಿ ೦೨೮೮ ಹೋದರೆ ೮೫೩೨. ಇನ್ನೊಮ್ಮೆ: ೮೫೩೨ರಲ್ಲಿ ೨೩೫೮ ಹೋದರೆ ೬೧೭೪. ಮುಂದೆ ಎಷ್ಟು ಸಲ ಮಾಡಿದರೂ ೬೧೭೪ ಬಿಟ್ಟು ಆಚೆಗೆ ಹೋಗಲು ಬಾರದು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದ ೧೯೭೩ನ್ನು ಹಿಡಿದರೆ ಇನ್ನೂ ಬೇಗ. ಎರಡೇ ಹೆಜ್ಜೆಗೆ ಅಲ್ಲಿಗೇ ಬಂದು ಸೇರುತ್ತದೆ. ನಾಲ್ಕೂ ಅಂಕಿಗಳು ಒಂದೇ ಆಗಿರದ ಯಾವ ನಾಲ್ಕಂಕಿಯ ಸಂಖ್ಯೆಯಾದರೂ ಸರಿ, ಏಳು ಹೆಜ್ಜೆಗಳೊಳಗೆ ೬೧೭೪ಕ್ಕೆ ಬಂದು ತಲೆಬಾಗುತ್ತದೆ. ಇದನ್ನು ೧೯೪೯ರಲ್ಲಿ ಕಂಡುಹಿಡಿದವರು ದತ್ತಾತ್ರೇಯ ರಾಮಚಂದ್ರ ಕಾಪ್ರೇಕರರು. ಈ ಮುಂಬಯಿಯಿಂದ ನಾಸಿಕದ ಕಡೆಗೆ ರೈಲು ಹತ್ತಿದರೆ ಸಿಕ್ಕುವ ದೇವಳಾಲಿಯಲ್ಲಿ ಅವರು ಶಾಲಾ ಉಪಾಧ್ಯಾಯರಾಗಿದ್ದರು. ದೊಡ್ಡ ಪದವಿಯಿಲ್ಲ, ಪ್ರಯೋಗಶಾಲೆಯಿಲ್ಲ. ಅಂಕಿಗಳ ಮೇಲಿನ ಪ್ರೀತಿಯೊಂದೇ ಬಂಡವಾಳ.

ಸಣ್ಣ ನಿಯಮದಿಂದ ಸಣ್ಣ ಫಲ ಬಂದರೆ ನಮಗೆ ಆಶ್ಚರ್ಯವಾಗುವುದಿಲ್ಲ. ಈಗ ನಿಯಮವನ್ನು ಬದಲಿಸೋಣ. ಸರಿಸಂಖ್ಯೆಯಾದರೆ ಅರ್ಧ ಮಾಡಿ. ಬೆಸಸಂಖ್ಯೆಯಾದರೆ ಮೂರರಿಂದ ಗುಣಿಸಿ ಒಂದು ಕೂಡಿಸಿ. ೨೬ರಿಂದ ಹೊರಟರೆ ಹತ್ತು ಹೆಜ್ಜೆಗಳಲ್ಲಿ ೧ಕ್ಕೆ ಇಳಿಯುತ್ತೇವೆ. ಪಕ್ಕದ ಮನೆಯ ೨೭ರಿಂದ ಹೊರಟು ನೋಡಿ. ಏರುತ್ತ ಇಳಿಯುತ್ತ ೯೨೩೨ರವರೆಗೂ ಹತ್ತಿ, ೧೧೧ ಹೆಜ್ಜೆಗಳಾದ ಮೇಲೆ ೧ ಸಿಕ್ಕುತ್ತದೆ. ಎಲ್ಲಿಂದ ಹೊರಟರೂ ಕೊನೆಗೆ ೧ಕ್ಕೆ ಬಂದೇ ಬರುತ್ತೇವೆಯೆ ಎಂಬ ಈ ಪ್ರಶ್ನೆಗೆ ಜರ್ಮನಿಯ ಕೊಲಾಟ್ಸ್ ಎಂಬವರ ಹೆಸರಿದೆ. ಕಂಪ್ಯೂಟರುಗಳು ಊಹೆಗೆ ಮೀರಿದಷ್ಟು ದೊಡ್ಡ ಸಂಖ್ಯೆಗಳವರೆಗೂ ಪರೀಕ್ಷಿಸಿವೆ, ಎಲ್ಲವೂ ಇಳಿದಿವೆ. ಆದರೆ ಎಲ್ಲಕ್ಕೂ ಸಲ್ಲುವ ಸಾಧನೆ ಇನ್ನೂ ಸಿಕ್ಕಿಲ್ಲ. ನಿಯಮ ಮೂರನೆಯ ತರಗತಿಯದು, ಪ್ರಶ್ನೆ ಮಹಾಪಂಡಿತರಿಗೂ ಎಟುಕದ್ದು. ಇಲ್ಲಿಂದಲೇ ನಮ್ಮ ವಿಷಯ ಆರಂಭವಾಗುತ್ತದೆ.

ಈಗ ಛಂದಸ್ಸಿಗೆ ಬರೋಣ. ಯಮಾತಾರಾಜಭಾನಸಲಗಂ ಎಂಬ ಸೂತ್ರವನ್ನು ನಮ್ಮ ತಲೆಮಾರಿನವರು ಬೆತ್ತದ ಸಮಕ್ಷಮದಲ್ಲಿ ಬಾಯಿಪಾಠ ಮಾಡಿದ್ದೇವೆ. ಮೂರು ಅಕ್ಷರಗಳು, ಒಂದೊಂದೂ ಲಘು ಇಲ್ಲವೆ ಗುರು. ಹಾಗಾದರೆ ಎಂಟೇ ಬಗೆ. ಯಗಣ, ಮಗಣ, ತಗಣ, ರಗಣ, ಜಗಣ, ಭಗಣ, ನಗಣ, ಸಗಣ. ಹತ್ತನೆಯ ಶತಮಾನದ ನಾಗವರ್ಮನ ಛಂದೋಂಬುಧಿಯ ಕಾಲದಿಂದ ಕನ್ನಡಿಗರಿಗೆ ಇವು ಮನೆಯ ಮಕ್ಕಳಿದ್ದಂತೆ. ಈ ಎಂಟು ಗಣಗಳು ಪದ್ಯ ಕಟ್ಟುವುದಕ್ಕೆ ಮಾತ್ರವಲ್ಲ, ಲೋಕ ಕಟ್ಟುವುದಕ್ಕೂ ಸಾಕಾದಾವೇ ಎಂದು ನೋಡೋಣ.

ಚೌಕುಳಿ ಕಾಗದವೊಂದನ್ನು ತೆಗೆದುಕೊಳ್ಳಿ. ಮೊದಲ ಸಾಲಿನ ನಡುವೆ ಒಂದೇ ಒಂದು ಚೌಕಕ್ಕೆ ಕಪ್ಪು ತುಂಬಿ. ತುಂಬಿದ ಚೌಕ ಗುರು, ಖಾಲಿ ಚೌಕ ಲಘು ಎಂದಿಟ್ಟುಕೊಳ್ಳೋಣ. ಎರಡನೆಯ ಸಾಲಿನ ಪ್ರತಿಯೊಂದು ಚೌಕವೂ ತನ್ನ ನೆತ್ತಿಯ ಮೇಲಿನ ಚೌಕವನ್ನೂ ಅದರ ಎಡಬಲದವೆರಡನ್ನೂ ನೋಡುತ್ತದೆ. ಆ ಮೂರು ಸೇರಿ ಒಂದು ಗಣವಾಯಿತಷ್ಟೆ. ಈಗ ನಿಯಮ: ಭ, ಯ, ಜ, ಸ—ಈ ನಾಲ್ಕು ಗಣಗಳಲ್ಲಿ ಒಂದು ಕಂಡರೆ ಕೆಳಗಿನ ಚೌಕಕ್ಕೆ ಕಪ್ಪು ತುಂಬಿರಿ. ಮ, ನ, ತ, ರ ಕಂಡರೆ ಖಾಲಿ ಬಿಡಿರಿ. ಸಾಲು ಮುಗಿದ ಮೇಲೆ ಅದರ ಕೆಳಗಿನ ಸಾಲಿಗೂ ಹಾಗೆಯೇ. ನಿಯಮ ಮುಗಿಯಿತು; ಇದರಲ್ಲಿ ಬಚ್ಚಿಟ್ಟದ್ದು ಏನೂ ಇಲ್ಲ.

ಮೊದಲ ಸಾಲು ಒಂದು ಗುರು. ಎರಡನೆಯದರಲ್ಲಿ ಮೂರು ಗುರು. ಮೂರನೆಯದರಲ್ಲಿ ಎರಡು ಗುರು, ಎರಡು ಲಘು, ಒಂದು ಗುರು. ನಾಲ್ಕನೆಯದರಲ್ಲಿ ಎರಡು ಗುರು, ಒಂದು ಲಘು, ನಾಲ್ಕು ಗುರು. ಇಲ್ಲಿಯವರೆಗೆ ಮನೆಯ ಮುಂದಿನ ಚುಕ್ಕಿ ರಂಗೋಲಿಯಂತೆ ಒಂದು ತ್ರಿಕೋನ ಬೆಳೆಯುತ್ತಿರುತ್ತದೆ. ರಂಗೋಲಿಯಾದರೆ ಎಡಕ್ಕೊಂದು ಬಲಕ್ಕೊಂದು ಸರಿದೂಗಬೇಕು, ಇದು ಸರಿದೂಗುವುದಿಲ್ಲ. ನೂರು ಸಾಲು ಇಳಿದು ಬಂದರೆ ಎಡದ ಅಂಚಿನಲ್ಲಿ ಓರೆಯಾದ ಪಟ್ಟೆಗಳು ಕ್ರಮವಾಗಿ ಕಾಣುತ್ತವೆ. ನಡುವಿನಿಂದ ಬಲಕ್ಕೆ ಮಾತ್ರ ಸಣ್ಣ ದೊಡ್ಡ ಬಿಳಿ ತ್ರಿಕೋನಗಳು ಹಿಡಿಯಕ್ಕಿ ಚೆಲ್ಲಿದ ಹಾಗೆ ಎಲ್ಲೆಂದರಲ್ಲಿ ಬಿದ್ದಿರುತ್ತವೆ. ನಟ್ಟನಡುವಿನ ಕಂಬವನ್ನು ಮೇಲಿನಿಂದ ಕೆಳಕ್ಕೆ ಓದಿದರೆ ಗುರು, ಗುರು, ಲಘು, ಗುರು ಎಂದು ಹೊರಟದ್ದು, ಕಾಸು ಚಿಮ್ಮಿ ರಾಜ ರಾಣಿ ಬರೆದುಕೊಂಡ ಪಟ್ಟಿಯಂತೆ ಮುಂದುವರಿಯುತ್ತದೆ. ಎಲ್ಲಿಯೂ ಕಾಸು ಚಿಮ್ಮಿದವರಿಲ್ಲ. ಪ್ರತಿಯೊಂದು ಚೌಕವೂ ನಿಯಮಕ್ಕೆ ಅಣುಮಾತ್ರವೂ ತಪ್ಪದೆ ನಡೆದಿದೆ.

ಎಂಟು ಗಣಗಳಲ್ಲಿ ಒಂದೊಂದಕ್ಕೂ ಎರಡು ಬಗೆಯ ಉತ್ತರ ಕೊಡಬಹುದಾದ್ದರಿಂದ ಇಂಥ ನಿಯಮಗಳು ಒಟ್ಟು ೨೫೬. ಸ್ಟೀಫನ್ ವೂಲ್ಫ್‌ರಾಮ್ ಎಂಬ ಆಂಗ್ಲ ವಿಜ್ಞಾನಿ ೧೯೮೩ರಲ್ಲಿ ಇವುಗಳನ್ನು ಕುರಿತು ಬರೆಯಲಾರಂಭಿಸಿ ಒಂದೊಂದಕ್ಕೂ ಅಂಕಿ ಕೊಟ್ಟರು. ನಾವು ಈಗ ಹೇಳಿದ್ದು ೩೦ನೆಯ ನಿಯಮ. ಬಹುಪಾಲು ನಿಯಮಗಳು ಸಪ್ಪೆ. ಕೆಲವು ಎರಡು ಸಾಲಿಗೆ ಬತ್ತುತ್ತವೆ, ಕೆಲವು ಪಟ್ಟೆ ಎಳೆದುಕೊಂಡು ಕೂಡುತ್ತವೆ, ಕೆಲವು ತ್ರಿಕೋನದೊಳಗೆ ತ್ರಿಕೋನ ಬರೆಯುತ್ತವೆ. ಕೆಲವೇ ಕೆಲವು ಹೀಗೆ ದಾರಿ ತಪ್ಪಿದ ಮಗುವಿನಂತೆ ವರ್ತಿಸುತ್ತವೆ. ವೂಲ್ಫ್‌ರಾಮರ ಮ್ಯಾಥಮ್ಯಾಟಿಕ ಎಂಬ ಗಣಿತದ ತಂತ್ರಾಂಶದಲ್ಲಿ ಗೊತ್ತುಗುರಿಯಿಲ್ಲದ ಸಂಖ್ಯೆಗಳು ಬೇಕಾದಾಗ ಅನೇಕ ವರ್ಷಗಳ ಕಾಲ ಈ ೩೦ನೆಯ ನಿಯಮವನ್ನೇ ಬಳಸುತ್ತಿದ್ದರು. ೨೦೧೯ರಲ್ಲಿ ಅವರು ಆ ನಡುಗಂಬವನ್ನು ಕುರಿತು ಮೂರು ಪ್ರಶ್ನೆಗಳನ್ನು ಹಾಕಿ, ಒಂದೊಂದಕ್ಕೂ ಹತ್ತು ಸಾವಿರ ಡಾಲರ್ ಬಹುಮಾನ ಸಾರಿದರು. ಕಂಬವು ಯಾವಾಗಲಾದರೂ ಒಂದೇ ವರಸೆಯನ್ನು ಮರುಕಳಿಸತೊಡಗುತ್ತದೆಯೆ? ಅದರಲ್ಲಿ ಗುರುಲಘುಗಳು ಸರಾಸರಿಯಲ್ಲಿ ಸಮವಾಗಿ ಬರುತ್ತವೆಯೆ? ಮೂರನೆಯದೇ ನಮಗೆ ಮುಖ್ಯ: ಲಕ್ಷದನೆಯ ಸಾಲಿನಲ್ಲಿ ನಡುವಿನ ಚೌಕ ಕಪ್ಪೊ ಬಿಳುಪೊ ಎಂದು ತಿಳಿಯಲು, ಲಕ್ಷ ಸಾಲುಗಳನ್ನೂ ತುಂಬುತ್ತ ಇಳಿಯದೆ ಬೇರೆ ಅಡ್ಡದಾರಿ ಇದೆಯೆ? ಸುಲಭವಾಗಿ ಕೈಗೆ ದಕ್ಕುವ ಬಹುಮಾನವಲ್ಲ. ಅಂಥ ಅಡ್ಡದಾರಿಯೊಂದನ್ನು ಕಂಡವರ ಸುದ್ದಿಯನ್ನು ನಾವು ಕೇಳಿಲ್ಲ.

ಇದನ್ನು ಕೊಂಚ ತಡೆದು ಯೋಚಿಸಬೇಕು. ಗ್ರಹಣದ ಲೆಕ್ಕ ಹಾಕುವ ಪಂಚಾಂಗದವರಿಗೆ ನೂರು ವರ್ಷದಾಚೆಯ ಗ್ರಹಣ ಹೇಳಲು ನೂರು ವರ್ಷ ಕಾಯಬೇಕಾದ್ದಿಲ್ಲ, ಸೂತ್ರವಿದೆ. ನಿಯಮ ತಿಳಿದರೆ ಫಲ ತಿಳಿದ ಹಾಗೆಯೇ ಎಂಬ ನಮ್ಮ ಭರವಸೆ ಹುಟ್ಟಿದ್ದು ಇಂಥ ಕಡೆಗಳಲ್ಲಿ. ೩೦ನೆಯ ನಿಯಮ ಆ ಭರವಸೆಯನ್ನು ಅಲುಗಿಸುತ್ತದೆ. ಇಲ್ಲಿ ನಿಯಮ ಪೂರ್ತಿಯಾಗಿ ತಿಳಿದಿದೆ. ಫಲವನ್ನು ಅರಿಯಬೇಕಾದರೆ ಮಾತ್ರ ಅದರೊಡನೆ ಸಾಲುಸಾಲಾಗಿ ನಡೆದೇ ತೀರಬೇಕು.

ಇದೇ ಕುಟುಂಬದ ೧೧೦ನೆಯ ನಿಯಮ ಇನ್ನೂ ವಿಚಿತ್ರವಾದುದು. ತ, ರ, ಯ, ಜ, ಸ ಗಣಗಳಿಗೆ ಗುರು, ಉಳಿದ ಮೂರಕ್ಕೆ ಲಘು. ಇಷ್ಟರಿಂದಲೇ, ಮೊದಲ ಸಾಲನ್ನು ತಕ್ಕಂತೆ ಬರೆದುಕೊಟ್ಟರೆ, ಯಾವ ಕಂಪ್ಯೂಟರು ಯಾವ ಲೆಕ್ಕ ಮಾಡಬಲ್ಲುದೋ ಅದನ್ನೆಲ್ಲ ಮಾಡಿಸಬಹುದು ಎಂದು ಮ್ಯಾಥ್ಯೂ ಕುಕ್ ಎಂಬವರು ಸಾಧಿಸಿ ತೋರಿಸಿದರು. ಅವರ ಬರೆಹ ೨೦೦೪ರಲ್ಲಿ ಅಚ್ಚಾಯಿತು. ನಮ್ಮ ಬ್ಯಾಂಕುಗಳ ಲೆಕ್ಕ, ರೈಲಿನ ಟಿಕೆಟು, ಜೇಬಿನೊಳಗಿನ ದೂರವಾಣಿ—ಎಲ್ಲವೂ ತತ್ತ್ವತಃ ಐದು ಗಣಗಳಿಗೆ ಅಡಕ. ತತ್ತ್ವತಃ ಎಂದೆವು, ಹಾಗೆ ಟಿಕೆಟು ಕೊಳ್ಳಹೊರಟವರಿಗೆ ರೈಲು ಸಿಕ್ಕುವುದಿಲ್ಲ.

ಇದಕ್ಕೆ ಮೊದಲೇ, ೧೯೭೦ರಲ್ಲಿ, ಕೇಂಬ್ರಿಜ್ಜಿನ ಜಾನ್ ಕಾನ್ವೇ ಚದುರಂಗದ ಮಣೆಯಂಥ ಬಯಲಿನ ಮೇಲೆ ಒಂದು ಜೀವದಾಟವನ್ನು ಹೂಡಿದ್ದರು. ಎಂಟು ನೆರೆಮನೆಗಳಲ್ಲಿ ಎರಡರಲ್ಲೋ ಮೂರರಲ್ಲೋ ಜೀವವಿದ್ದರೆ ನೀನೂ ಬದುಕುವೆ. ಹೆಚ್ಚಾದರೂ ಕಡಿಮೆಯಾದರೂ ಸಾಯುವೆ. ಖಾಲಿ ಮನೆಗೆ ಸರಿಯಾಗಿ ಮೂರು ನೆರೆಗಳಿದ್ದರೆ ಅಲ್ಲಿ ಹುಟ್ಟು. ಐದೇ ಚುಕ್ಕಿಗಳ ಒಂದು ಆಕಾರವು ಒಂದು ಸಾವಿರದ ನೂರ ಮೂರು ತಲೆಮಾರು ಕುದಿದು ಆಮೇಲೆ ತಣ್ಣಗಾಗುತ್ತದೆ. ಇನ್ನೊಂದು ಐದು ಚುಕ್ಕಿಗಳ ಆಕಾರ ನಾಲ್ಕು ತಲೆಮಾರಿಗೊಂದು ಮನೆಯಂತೆ ಓರೆಯಾಗಿ ತೇಲುತ್ತ ಹೋಗುತ್ತದೆ. ಒಂದು ಮಾತು ವಿಷಯಾಂತರವಾಗಿ. ಕೇಂಬ್ರಿಜ್ಜಿನಲ್ಲಿ ೨೦೧೭ರಲ್ಲಿ ತೆರೆದ ಹೊಸ ರೈಲು ನಿಲ್ದಾಣದ ಗೋಡೆಗೆ ಕಾನ್ವೇಯವರ ಗೌರವಾರ್ಥ ಆ ಆಟದ ಚಿತ್ತಾರ ಹಾಕಿದ್ದೇವೆಂದು ಹೇಳಿಕೊಂಡರು. ನೋಡಬಲ್ಲವರು ನೋಡಿದಾಗ ಅದು ಕಾನ್ವೇಯದಲ್ಲ, ವೂಲ್ಫ್‌ರಾಮರ ೩೦ನೆಯ ನಿಯಮದ ಬಳಗದ್ದು ಎಂದು ಬಯಲಾಯಿತು. ಚಿತ್ತಾರವನ್ನು ಮಾತ್ರ ನೋಡಿ ನಿಯಮವನ್ನು ಹೇಳುವುದು ಎಷ್ಟು ಅಪಾಯವೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಇದುವರೆಗೆ ಕಾಗದದ ಮೇಲಿನ ಆಟವಾಯಿತು. ನಿಜವಾದ ಲೋಕಕ್ಕೂ ಇದಕ್ಕೂ ಏನು ಸಂಬಂಧ?

ನಮ್ಮಲ್ಲಿ ದಕ್ಷಿಣ ಕನ್ನಡದಿಂದ ಬಂದವರು ಅನೇಕರಿದ್ದೀರಿ. ನಿಮಗೆ ಚೆನ್ನೆಮಣೆ ಗೊತ್ತು; ಘಟ್ಟದ ಮೇಲಿನವರು ಅಳಗುಳಿಮಣೆ ಎನ್ನುತ್ತಾರೆ. ಒಂದು ಗುಳಿಯ ಕಾಳುಗಳನ್ನು ಎತ್ತಿ ನೆರೆಯ ಗುಳಿಗಳಿಗೆ ಒಂದೊಂದಾಗಿ ಹಂಚುವ ಆಟ. ಎರಡು ಸಾಲಿನ ಬದಲು ಹತ್ತಿಪ್ಪತ್ತು ಸಾಲು ಗುಳಿಗಳ ದೊಡ್ಡ ಮಣೆಯನ್ನು ಊಹಿಸಿಕೊಳ್ಳಿ. ಎಲ್ಲೆಂದರಲ್ಲಿ ಒಂದೊಂದು ಕಾಳು ಹಾಕುತ್ತ ಹೋಗಿ. ಯಾವ ಗುಳಿಯಲ್ಲಿ ನಾಲ್ಕು ಕಾಳು ಕೂಡಿತೋ ಅದು ನಾಲ್ಕು ದಿಕ್ಕಿನ ನೆರೆಗಳಿಗೆ ಒಂದೊಂದು ಹಂಚಿ ಬರಿದಾಗಬೇಕು. ಹಂಚಿದ್ದರಿಂದ ನೆರೆಯಲ್ಲಿ ನಾಲ್ಕು ಕೂಡಿದರೆ ಅದೂ ಹಂಚಬೇಕು. ಅಂಚಿನಾಚೆ ಬಿದ್ದ ಕಾಳು ಆಟದಿಂದ ಹೊರಗೆ. ಮೊದಮೊದಲು ಏನೂ ಆಗುವುದಿಲ್ಲ. ಬರಬರುತ್ತ ಮಣೆ ತಾನಾಗಿ ಒಂದು ತುದಿಗಾಲಿನ ಸ್ಥಿತಿಗೆ ಬಂದು ನಿಲ್ಲುತ್ತದೆ. ಆಗ ಒಂದು ಕಾಳು ಹಾಕಿದರೆ ಒಮ್ಮೆ ಒಂದು ಗುಳಿ ಮಗುಚುತ್ತದೆ, ಒಮ್ಮೆ ನೂರು, ಒಮ್ಮೆ ಇಡೀ ಮಣೆಯೇ ಅಲ್ಲೋಲಕಲ್ಲೋಲ. ಬಾಕ್, ಟಾಂಗ್, ವೀಸೆನ್‌ಫೆಲ್ಡ್ ಎಂಬ ಮೂವರು ೧೯೮೭ರಲ್ಲಿ ಇದನ್ನು ಮರಳ ರಾಶಿಯ ಮಾದರಿಯೆಂದು ಮುಂದಿಟ್ಟರು. ಭೂಕಂಪ, ಕಾಡ್ಗಿಚ್ಚುಗಳಲ್ಲಿ ಸಣ್ಣವು ಬಹಳ, ದೊಡ್ಡವು ಅಪರೂಪ, ಆದರೂ ದೊಡ್ಡದಕ್ಕೆ ಬೇರೆಯೇ ದೊಡ್ಡ ಕಾರಣ ಬೇಕಾಗಿಲ್ಲ ಎಂಬ ವಿಚಾರಕ್ಕೆ ಇದು ದಾರಿ ಮಾಡಿತು.

ಈ ಮರಳ ರಾಶಿಯ ಗಣಿತವನ್ನು ಬಿಡಿಸಿದವರು ನಮ್ಮೀ ನಗರದವರೆಂದು ಹೇಳಲು ಸಂತೋಷವಾಗುತ್ತದೆ. ಕೊಲಾಬದ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿದ್ದ ದೀಪಕ್ ಧರ್ ಅವರು ೧೯೯೦ರಲ್ಲಿ ಒಂದು ಸೊಗಸಾದ ಸಂಗತಿಯನ್ನು ತೋರಿಸಿಕೊಟ್ಟರು. ಎರಡು ಗುಳಿಗಳು ಒಟ್ಟಿಗೆ ತುಂಬಿದ್ದರೆ ಯಾವುದನ್ನು ಮೊದಲು ಮಗುಚಬೇಕು? ಯಾವುದನ್ನು ಮಗುಚಿದರೂ ಕಟ್ಟಕಡೆಗೆ ಮಣೆ ಒಂದೇ ರೂಪಕ್ಕೆ ಬರುತ್ತದೆ. ಕಾರಣ ಸರಳ: ನೆರೆಯವನು ಮಗುಚಿದರೆ ನಮ್ಮ ಗುಳಿಗೆ ಕಾಳು ಕೂಡಬಹುದಲ್ಲದೆ ಕಡಿಮೆಯಾಗದು, ಆದುದರಿಂದ ಮಗುಚಲೇಬೇಕಾದವನ ಸರದಿ ತಪ್ಪುವುದಿಲ್ಲ, ಹಿಂದುಮುಂದಾಗಬಹುದು ಅಷ್ಟೆ. ಇದರ ಬಲದಿಂದ ಧರ್ ಅವರು, ಈ ಆಟದಲ್ಲಿ ಎಷ್ಟು ಬಗೆಯ ಸ್ಥಿತಿಗಳು ಮತ್ತೆ ಮತ್ತೆ ಬರಬಲ್ಲವು ಎಂಬುದನ್ನು ಖಚಿತವಾಗಿ ಎಣಿಸಿಬಿಟ್ಟರು. ೨೦೨೨ರಲ್ಲಿ ಅವರಿಗೆ ಬೋಲ್ಟ್ಸ್‌ಮನ್ ಪದಕ ಬಂತು. ಅದನ್ನು ಪಡೆದ ಮೊದಲ ಭಾರತೀಯರು ಅವರೇ. ಅಂದರೆ, ಅಡ್ಡದಾರಿಯೇ ಇಲ್ಲವೆಂದು ನಾವು ಎಲ್ಲ ಕಡೆಯೂ ಕೈಚೆಲ್ಲಬೇಕಾದ್ದಿಲ್ಲ. ಕೆಲವು ಕಡೆ ಜಾಣ್ಮೆಗೆ ದಾರಿ ಬಿಡುತ್ತದೆ, ಕೆಲವು ಕಡೆ ಬಿಡುವುದಿಲ್ಲ.

ಸರಿ, ನಿಜವಾದ ಮರಳು ಹೀಗೆ ನಡೆಯುತ್ತದೆಯೆ? ಇಲ್ಲಿ ಎಚ್ಚರ ಬೇಕು. ನಾರ್ವೆಯ ಆಸ್ಲೊ ನಗರದಲ್ಲಿ ಕೆಲವು ವಿಜ್ಞಾನಿಗಳು ಮರಳನ್ನು ಬಿಟ್ಟು ಅಕ್ಕಿಯ ರಾಶಿಯನ್ನು ಹಿಡಿದರು. ಎರಡು ಗಾಜಿನ ಫಲಕಗಳ ನಡುವೆ ಒಂದೊಂದೇ ಕಾಳು ಸುರಿದು ಕುಸಿತಗಳನ್ನು ಅಳೆದರು. ಫಲಿತಾಂಶ ೧೯೯೬ರಲ್ಲಿ ಪ್ರಕಟವಾಯಿತು. ಉದ್ದಕ್ಕಿಯ ರಾಶಿ ಮಾದರಿ ಹೇಳಿದಂತೆಯೇ, ಎಲ್ಲ ಅಳತೆಯ ಕುಸಿತಗಳನ್ನೂ ತೋರಿತು. ದುಂಡಕ್ಕಿಯ ರಾಶಿ ತೋರಲಿಲ್ಲ! ಉದ್ದನೆಯ ಕಾಳುಗಳು ಒಂದಕ್ಕೊಂದು ಸಿಕ್ಕಿಕೊಂಡು ನಿಲ್ಲುತ್ತವೆ, ದುಂಡನೆಯವು ಉರುಳಿಬಿಡುತ್ತವೆ. ಮಣೆಯ ಮೇಲಿನ ನಿಯಮಕ್ಕೆ ಕಾಳಿನ ಆಕಾರವೇ ಗೊತ್ತಿಲ್ಲವಷ್ಟೆ. ಪ್ರಕೃತಿಗೆ ಅದು ಚೆನ್ನಾಗಿ ಗೊತ್ತಿದೆ. ಅಡಿಗೆಮನೆಯಲ್ಲಿ ಕೆಲಸ ಮಾಡಿದವರು ಇದಕ್ಕೆ ಆಶ್ಚರ್ಯಪಡಲಾರರು.

ನೀರಿನ ಕತೆ ಇನ್ನೂ ಬೋಧಪ್ರದವಾದುದು. ಹರಿಯುವ ನೀರನ್ನು ಮಣೆಯ ಮೇಲಿನ ಚುಕ್ಕಿಗಳ ಓಡಾಟವಾಗಿ ತೋರಿಸಬಹುದೇ ಎಂದು ೧೯೭೩ರಲ್ಲಿ ಫ್ರಾನ್ಸಿನಲ್ಲಿ ಪ್ರಯತ್ನಿಸಿದರು. ಚುಕ್ಕಿಗಳು ನಾಲ್ಕು ದಿಕ್ಕಿಗೆ ಓಡುತ್ತವೆ, ಎದುರುಬದುರಾದರೆ ಡಿಕ್ಕಿ ಹೊಡೆದು ಅಡ್ಡಕ್ಕೆ ತಿರುಗುತ್ತವೆ. ಚೌಕದ ಮಣೆಯ ಮೇಲೆ ಅದು ಸರಿಬರಲಿಲ್ಲ. ಹರಿವಿಗೆ ಮಣೆಯ ಗೆರೆಗಳ ದಿಕ್ಕು ಅಂಟಿಕೊಂಡುಬಿಟ್ಟಿತು. ನೀರಿಗೆ ಅಂಥ ದಿಕ್ಕಿನ ಹಂಗಿಲ್ಲ. ೧೯೮೬ರಲ್ಲಿ ಫ್ರಿಶ್, ಹಾಸ್‌ಲಾಕರ್, ಪೊಮೋ ಎಂಬವರು ನಾಲ್ಕು ದಿಕ್ಕನ್ನು ಆರು ಮಾಡಿದರು. ಬೇರೆ ಏನೂ ಹೆಚ್ಚಾಗಿ ಬದಲಿಸಲಿಲ್ಲ. ದೂರದಿಂದ ನೋಡಿದಾಗ ಹರಿವು ನೀರಿನ ಸಮೀಕರಣಗಳನ್ನೇ ಅನುಸರಿಸತೊಡಗಿತು, ಸುಳಿಗಳೂ ಬಂದವು. ಇದರಿಂದ ಎರಡು ಮಾತು ಸಿದ್ಧವಾಗುತ್ತವೆ. ತಳದಲ್ಲಿ ಮೂಢ ಚುಕ್ಕಿಗಳು ಮೂಢವಾಗಿ ಡಿಕ್ಕಿ ಹೊಡೆದರೂ ಮೇಲೆ ಕಾವೇರಿಯ ಸುಳಿಯಂಥ ಸುಳಿ ಏಳಬಲ್ಲುದು. ಆದರೆ ನೀರಿನ ತಳದಲ್ಲಿ ಆರು ದಿಕ್ಕಿನ ಮಣೆ ಇದೆಯೆ? ಇಲ್ಲ; ಅಲ್ಲಿ ಅಣುಗಳಿವೆ, ಅವುಗಳ ನಡೆ ಬೇರೆ. ಬೇರೆ ಬೇರೆ ನಿಯಮಗಳಿಂದ ಒಂದೇ ಸುಳಿ ಬರಬಹುದಾದರೆ, ಸುಳಿಯನ್ನು ನೋಡಿ ನಿಯಮವನ್ನು ಹೇಳುವುದು ಹೇಗೆ? ಕೇಂಬ್ರಿಜ್ಜಿನ ಗೋಡೆಯ ಕತೆಯೇ ಮತ್ತೆ.

ಇಷ್ಟನ್ನು ಹೇಳಿದ ಮೇಲೆ ದೊಡ್ಡ ವಾದಕ್ಕೆ ಬರಬಹುದು. ೧೯೪೧ರಲ್ಲಿ ಬರ್ಲಿನ್ನಿನಲ್ಲಿ ಗಣಕಯಂತ್ರ ಕಟ್ಟಿದ ಕೊನ್ರಾಡ್ ತ್ಸೂಸೆ ೧೯೬೯ರಲ್ಲಿ ಒಂದು ಸಣ್ಣ ಪುಸ್ತಕ ಬರೆದು, ಆಕಾಶವೇ ಲೆಕ್ಕ ಮಾಡುತ್ತಿರುವ ಒಂದು ಯಂತ್ರವಾಗಿರಬಹುದು ಎಂದರು. ವೂಲ್ಫ್‌ರಾಮರು ೨೦೦೨ರಲ್ಲಿ ಸಾವಿರಕ್ಕೂ ಮಿಕ್ಕಿದ ಪುಟಗಳ ಗ್ರಂಥದಲ್ಲಿ ಈ ಪಕ್ಷವನ್ನು ಹಿಡಿದರು. ೨೦೨೦ರಲ್ಲಿ ಇನ್ನೂ ಮುಂದುವರಿದು, ದೇಶ ಕಾಲಗಳೆಲ್ಲ ಬಿಂದುಗಳ ಒಂದು ಬಲೆ, ಆ ಬಲೆಯನ್ನು ಸಣ್ಣ ನಿಯಮವೊಂದು ಸದಾ ಹೆಣೆಯುತ್ತ ಬಿಚ್ಚುತ್ತ ಇದೆ ಎಂಬ ಯೋಜನೆಯನ್ನು ಲೋಕದ ಮುಂದಿಟ್ಟರು. ಕಲ್ಪನೆ ಭವ್ಯವಾದುದು. ಭೌತಶಾಸ್ತ್ರಜ್ಞರಲ್ಲಿ ಹೆಚ್ಚಿನವರು ಒಪ್ಪಿಲ್ಲ. ನಮಗೂ ಇದು ಇನ್ನೂ ಸಾಬೀತಾದ ಮಾತೆಂದು ತೋರುವುದಿಲ್ಲ. ನ್ಯೂಟನ್ನನ ನಿಯಮವೂ ಸಣ್ಣದೇ. ಆದರೆ ಅದನ್ನು ಹಿಡಿದು ಹ್ಯಾಲಿ ಒಂದು ಧೂಮಕೇತು ಇಂಥ ಕಾಲಕ್ಕೆ ಮರಳುತ್ತದೆ ಎಂದು ಮೊದಲೇ ಹೇಳಿದ್ದನು, ಅವನು ತೀರಿಕೊಂಡ ಮೇಲೆ ೧೭೫೮ರ ಡಿಸೆಂಬರಿನಲ್ಲಿ ಅದು ಬಂದೂ ಬಂತು. ಲೋಕವೇ ಲೆಕ್ಕವೆನ್ನುವವರು ಅಂಥ ಒಂದು ಧೂಮಕೇತುವನ್ನು ತೋರಿಸಲಿ, ಆಮೇಲೆ ನಾವು ಎದ್ದುನಿಂತು ಕೈಮುಗಿಯುತ್ತೇವೆ.

ಹೀಗಿದ್ದರೂ ಆ ವಾದವನ್ನು ಕೇಳಿದ ಹಿರಿಯರಿಗೆ ಒಂದು ಹಳೆಯ ಭಯ ಹುಟ್ಟುವುದುಂಟು. ಎಲ್ಲವೂ ನಿಯಮವಾದರೆ ಎಲ್ಲವೂ ಹಣೆಬರಹವಾಯಿತಲ್ಲ, ನಾವು ಮಾಡುವುದೇನು ಉಳಿಯಿತು? ಉತ್ತರವಾಗಿ ೩೦ನೆಯ ನಿಯಮವನ್ನೇ ಮುಂದಿಡುತ್ತೇವೆ. ಬ್ರಹ್ಮನು ಹಣೆಯ ಮೇಲೆ ಬರೆದದ್ದು ಆ ನಿಯಮವೊಂದೇ ಎಂದಿಟ್ಟುಕೊಳ್ಳಿ. ಲಕ್ಷದನೆಯ ಸಾಲಿನಲ್ಲಿ ಏನಾಗುತ್ತದೆಂದು ತಿಳಿಯಲು, ನಮಗೆ ತಿಳಿದಮಟ್ಟಿಗೆ, ಅವನೂ ಚೌಕ ತುಂಬುತ್ತ ಕೂಡಬೇಕು. ಮುಂದಾಗಿ ಓದಲಾಗದ ಬರಹವನ್ನು ಹಣೆಬರಹವೆಂದು ಕರೆಯುವುದರಿಂದ ನಮಗೆ ಸಿಕ್ಕುವ ಸಮಾಧಾನವಾಗಲಿ ದುಃಖವಾಗಲಿ ಬಹಳವಿಲ್ಲ.

ಕಡೆಯದಾಗಿ, ಈ ಸಭೆಗೆ ಹತ್ತಿರವಾದ ಒಂದು ನಿಯಮ.

ಅಮೆರಿಕದ ಅರ್ಥಶಾಸ್ತ್ರಜ್ಞ ಥಾಮಸ್ ಶೆಲಿಂಗ್ ೧೯೭೧ರಲ್ಲಿ ಎರಡು ಬಗೆಯ ಬಿಲ್ಲೆಗಳನ್ನು ಮಣೆಯ ಮೇಲೆ ಬೆರೆಸಿಟ್ಟು ಒಂದು ಸೌಮ್ಯವಾದ ನಿಯಮ ಹಾಕಿದರು: ನೆರೆಯಲ್ಲಿ ಮೂರರಲ್ಲಿ ಒಂದು ಪಾಲು ತನ್ನವರಿದ್ದರೆ ಸಾಕು, ಇಲ್ಲವಾದರೆ ಮನೆ ಬದಲಿಸುವುದು. ಯಾರಿಗೂ ಯಾರ ಮೇಲೂ ದ್ವೇಷವಿಲ್ಲ. ಆದರೂ ಕೆಲವು ಸುತ್ತುಗಳಲ್ಲಿ ಮಣೆ ಎರಡು ಕೇರಿಗಳಾಗಿ ಒಡೆದುಹೋಯಿತು. ಒಬ್ಬೊಬ್ಬರ ಇಷ್ಟವನ್ನು ಕೇಳಿದ್ದರೆ ಆ ಫಲ ತಿಳಿಯುತ್ತಿರಲಿಲ್ಲ. ೨೦೦೫ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು.

ಹೊರನಾಡಿನ ಕನ್ನಡಿಗರಾದ ನಾವೂ ಒಂದು ಸೌಮ್ಯವಾದ ನಿಯಮವನ್ನು ಪಾಲಿಸುತ್ತೇವೆ. ಕೂಟದಲ್ಲಿ ಒಬ್ಬರಿಗೆ ಕನ್ನಡ ಬಾರದಿದ್ದರೆ ಎಲ್ಲರೂ ಹಿಂದಿಗೋ ಇಂಗ್ಲಿಷಿಗೋ ಹೊರಳುತ್ತೇವೆ. ಇದು ಸಭ್ಯತೆ, ಇದರಲ್ಲಿ ತಪ್ಪು ಹುಡುಕಲು ನಾವು ಬಂದಿಲ್ಲ. ಲೆಕ್ಕ ಮಾತ್ರ ಮಾಡೋಣ. ಇದು ಯಾವ ಸಮೀಕ್ಷೆಯ ಅಂಕಿಯೂ ಅಲ್ಲ, ಗುಣಾಕಾರ ಅಷ್ಟೆ. ನಮ್ಮ ಬಳಗದಲ್ಲಿ—ಅಳಿಯ, ಸೊಸೆ, ಮೊಮ್ಮಕ್ಕಳು, ನೆರೆಯವರು ಸೇರಿ—ಹತ್ತು ಮಂದಿಯಲ್ಲಿ ಒಂಬತ್ತು ಮಂದಿಗೆ ಕನ್ನಡ ಬರುತ್ತದೆ ಎನ್ನಿ. ಏಳು ಮಂದಿ ಹೇಗೆಂದರೆ ಹಾಗೆ ಕೂಡಿದರೆ, ಏಳಕ್ಕೆ ಏಳೂ ಮಂದಿ ಕನ್ನಡ ಬಲ್ಲವರಾಗಿರುವ ಕೂಟಗಳು ನೂರಕ್ಕೆ ನಲವತ್ತೆಂಟು ಮಾತ್ರ. ಹತ್ತರಲ್ಲಿ ಒಂಬತ್ತು ಮಂದಿಗೆ ಬಂದರೂ ಅರ್ಧಕ್ಕಿಂತ ಹೆಚ್ಚು ಕೂಟಗಳಲ್ಲಿ ಕನ್ನಡ ಕೇಳಿಸದು! ಅಲ್ಲಿ ಆಡುತ್ತಿರುವ ಮಗುವಿಗೆ ಕಿವಿಗೆ ಬಿದ್ದಷ್ಟೇ ಭಾಷೆ. ಮುಂದಿನ ತಲೆಮಾರಿಗೆ ಹತ್ತರಲ್ಲಿ ಏಳು ಮಂದಿಗೆ ಬರುತ್ತದೆ ಎನ್ನಿ. ಕನ್ನಡದ ಕೂಟಗಳು ನೂರಕ್ಕೆ ಎಂಟಕ್ಕೆ ಇಳಿಯುತ್ತವೆ. ಅರ್ಧ ಮಂದಿಗೆ ಬಂದರೆ ನೂರಿಪ್ಪತ್ತೆಂಟು ಕೂಟಗಳಲ್ಲಿ ಒಂದು. ಕನ್ನಡವನ್ನು ಬಿಡಬೇಕೆಂದು ಯಾರೂ ನಿರ್ಧರಿಸಲಿಲ್ಲ, ಯಾವ ಸರಕಾರವೂ ತಡೆಯಲಿಲ್ಲ. ಸಣ್ಣ ನಿಯಮವೊಂದು ತನ್ನ ಪಾಡಿಗೆ ನಡೆಯಿತು.

ನಿಯಮದಲ್ಲಿ ಒಂದೇ ಒಂದು ಪದ ಬದಲಿಸಿ ನೋಡೋಣ. ಕನ್ನಡ ಬಾರದವರೊಡನೆ ಆಡುವಾಗ ಅವರ ಭಾಷೆ; ಬರುವವರೊಡನೆ ಆಡುವಾಗ, ಬಾರದವರು ಪಕ್ಕದಲ್ಲಿದ್ದರೂ, ಕನ್ನಡ. ಈಗ ಕನ್ನಡ ಕೇಳಿಸಲು ಏಳೂ ಮಂದಿ ಬಲ್ಲವರಾಗಬೇಕಾದ್ದಿಲ್ಲ, ಇಬ್ಬರಿದ್ದರೆ ಸಾಕು. ಬಳಗದಲ್ಲಿ ಅರ್ಧ ಮಂದಿಗೆ ಮಾತ್ರ ಭಾಷೆ ಬರುವ ಅದೇ ಕಷ್ಟದ ಸ್ಥಿತಿಯಲ್ಲಿಯೂ ನೂರಿಪ್ಪತ್ತೆಂಟು ಕೂಟಗಳಲ್ಲಿ ನೂರಿಪ್ಪತ್ತರಲ್ಲಿ ಕನ್ನಡ ಕೇಳಿಸುತ್ತದೆ. ಒಂದರಿಂದ ನೂರಿಪ್ಪತ್ತಕ್ಕೆ! ಎರಡನೆಯ ನಿಯಮ ಮೊದಲನೆಯದಕ್ಕಿಂತ ಕಷ್ಟದ್ದು. ಬಾರದವರಿಗೆ ಬೇಸರವಾಗದಂತೆ ಯಾರಾದರೊಬ್ಬರು ಅರ್ಥ ಹೇಳುತ್ತ ಕೂರಬೇಕಾಗುತ್ತದೆ. ಅದು ಎಲ್ಲ ಮನೆಗಳಲ್ಲೂ ನಡೆಯುವ ಮಾತೇ ಎಂದು ನಾವು ವಾದಿಸಲಾರೆವು. ಆದರೆ ನಾವು ಮಾತಾಡಲು ತೊಡಗಿದಾಗಿನಿಂದ ಎಡಗಡೆಯ ಮೂರನೆಯ ಸಾಲಿನಲ್ಲಿ ಒಬ್ಬ ಹುಡುಗಿ ತನ್ನ ಅತ್ತಿಗೆಯ ಕಿವಿಯಲ್ಲಿ ಮೆಲ್ಲಗೆ ಮರಾಠಿಯಲ್ಲಿ ಏನೋ ಹೇಳುತ್ತಿರುವುದು ವೇದಿಕೆಯಿಂದ ಕಾಣುತ್ತಿದೆ. ಚೌಕುಳಿ ಕಾಗದ ಬಾಗಿಲ ಬಳಿಯ ಮೇಜಿನ ಮೇಲಿದೆ. ಮಕ್ಕಳು ಹೋಗುವಾಗ ಒಂದೊಂದು ಹಾಳೆ ತೆಗೆದುಕೊಂಡು ಹೋಗಿ, ಭ, ಯ, ಜ, ಸ ಮರೆಯದಿರಿ.